ನೇಪಲ್ಸ್‌ಗೂ ಮೈಂಜ್‌ಗೂ ಒಂದೇ ಚಿತ್ರವೇ?

ಓದುಗರ ಪ್ರಶ್ನೆ: 1493ರ ‘ನ್ಯೂರೆಂಬರ್ಗ್ ಕ್ರಾನಿಕಲ್’ ಪುಸ್ತಕದ ಪುಟಗಳನ್ನು ನೋಡುತ್ತಿದ್ದೆ. ಬೇರೆ ಬೇರೆ ಊರುಗಳಿಗೆ ಒಂದೇ ಚಿತ್ರ ಹಾಕಿದ್ದಾರೆ. ಮುದ್ರಕರು ಓದುಗರಿಗೆ ಮೋಸ ಮಾಡಿದರೇ?

ನಿಮ್ಮ ಕಣ್ಣು ಚುರುಕಾಗಿದೆ. ಜಗತ್ತಿನ ಸೃಷ್ಟಿಯಿಂದ ಅಂತಿಮ ತೀರ್ಪಿನವರೆಗೆ ಬೈಬಲಿನ ಜಾಡಿನಲ್ಲೇ ಸಾಗುವ ಆ ಚರಿತ್ರೆಯಲ್ಲಿ 1,809 ಚಿತ್ರಗಳಿವೆ. ಅವನ್ನು ಒತ್ತಿದ ಮರದಚ್ಚುಗಳು 645 ಮಾತ್ರ. ಇಟಲಿಯ ನೇಪಲ್ಸ್, ಬೊಲೋನ್ಯಾ ಊರುಗಳಿಗೂ ಜರ್ಮನಿಯ ಮೈಂಜ್‌ಗೂ ಒಂದೇ ಕೋಟೆ, ಅವೇ ಗೋಪುರಗಳು. ಮೈಂಜ್ ಎಂದರೆ ಗುಟೆನ್‌ಬರ್ಗ್‌ನ ಊರು! ಮುದ್ರಣದ ತವರಿಗೇ ಎರವಲು ಮುಖ.

ಕಾರಣ ಅರ್ಧ ದುಡ್ಡಿನದು. ಮರದಚ್ಚಿನಲ್ಲಿ ಗೆರೆಗಳನ್ನು ಉಳಿಸಿ ಸುತ್ತಲಿನ ಮರವನ್ನು ಕೆತ್ತಿ ತೆಗೆಯಬೇಕು. ಉಬ್ಬಿ ನಿಂತ ಗೆರೆಗೆ ಮಾತ್ರ ಮಸಿ ಹತ್ತುತ್ತದೆ. ಹಲಗೆಯ ಎತ್ತರ ಅಚ್ಚುಮೊಳೆಯ ಎತ್ತರಕ್ಕೆ ಸರಿಯಾಗಿರುವುದರಿಂದ ಅಕ್ಷರ, ಚಿತ್ರ ಎರಡೂ ಒಂದೇ ಒತ್ತಿಗೆ ಮೂಡುತ್ತವೆ. ತಾಮ್ರದ ತಗಡಿಗೆ ಈ ಅನುಕೂಲವಿಲ್ಲ, ಅದಕ್ಕೆ ಬೇರೆಯೇ ಯಂತ್ರ ಬೇಕು. ಆದರೆ ಕೆತ್ತನೆ ನಿಧಾನದ ಕೆಲಸ. ಚಿತ್ರ ಬರೆಯುವವನೊಬ್ಬ, ಕೆತ್ತುವವನೊಬ್ಬ, ಒತ್ತುವವನು ಇನ್ನೊಬ್ಬ. ಇಷ್ಟೆಲ್ಲ ಖರ್ಚು ಮಾಡಿ ಸಿದ್ಧವಾದ ಅಚ್ಚು ಸಾವಿರಾರು ಪ್ರತಿಗಳಿಗೆ ಬಾಳುತ್ತಿತ್ತು, ಊರಿಂದೂರಿಗೂ ಹೋಗುತ್ತಿತ್ತು. ಕಲೋನ್‌ನಲ್ಲಿ 1478ರ ಸುಮಾರಿಗೆ ಬೈಬಲಿಗೆಂದು ಮಾಡಿಸಿದ ಅಚ್ಚುಗಳಿಂದಲೇ 1483ರಲ್ಲಿ ನ್ಯೂರೆಂಬರ್ಗ್‌ನ ಆಂಟನ್ ಕೋಬರ್ಗರ್ ತನ್ನ ಜರ್ಮನ್ ಬೈಬಲನ್ನು ಅಲಂಕರಿಸಿದ. ಕ್ರಾನಿಕಲ್‌ನ ಮುದ್ರಕನೂ ಇವನೇ.

ಇನ್ನರ್ಧ ಕಾರಣ ನನಗೆ ಹೆಚ್ಚು ಇಷ್ಟ. ಆ ಚಿತ್ರಗಳು ಫೋಟೊಗಳಲ್ಲ. ಯಕ್ಷಗಾನದಲ್ಲಿ ಕಿರೀಟ ಕಂಡೊಡನೆ ರಾಜ ಬಂದನೆಂದು ತಿಳಿಯುತ್ತೇವೆ, ಮೂಗು ಅಳೆಯುವುದಿಲ್ಲ. ಹಾಗೆಯೇ ಇಲ್ಲಿ ಕೋಟೆ ಕಂಡರೆ ‘ಇಲ್ಲೊಂದು ನಗರ’ ಎಂದಷ್ಟೇ ಅರ್ಥ. ಯಾವುದೆಂದು ಹೇಳುವುದು ಮೇಲಿನ ಹೆಸರು. ಹಾಗೆಂದು ನಿಜರೂಪ ಕೊಡಲು ಬಾರದೆ ಇರಲಿಲ್ಲ. ತಮ್ಮ ನ್ಯೂರೆಂಬರ್ಗನ್ನು ಎರಡು ಪುಟಗಳ ಅಗಲಕ್ಕೆ, ಗುರುತು ಹಿಡಿಯುವಂತೆಯೇ ಬಿಡಿಸಿದ್ದಾರೆ. ಸ್ವಂತ ಊರಿನವರು ತಪ್ಪು ಹುಡುಕುತ್ತಾರಲ್ಲ!

ಚಿತ್ರ ಚುಚ್ಚಿದಾಗ ಮಾತ್ರ ಜನ ಸೂಕ್ಷ್ಮವಾಗಿ ನೋಡುತ್ತಿದ್ದರು. 1522ರ ಸೆಪ್ಟೆಂಬರಿನಲ್ಲಿ ವಿಟೆನ್‌ಬರ್ಗ್‌ನಿಂದ ಬಂದ, ಪೋಪರನ್ನು ಎದುರಿಸಿದ ಧರ್ಮಸುಧಾರಕ ಲೂಥರನ ಹೊಸ ಒಡಂಬಡಿಕೆಯಲ್ಲಿ (ಬೈಬಲಿನ ಎರಡನೇ ಭಾಗ), ಚಿತ್ರಕಾರ ಲೂಕಾಸ್ ಕ್ರಾನಾಖ್‌ನ ಕಾರ್ಯಾಗಾರ ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆ ಗ್ರಂಥದಲ್ಲಿ ಪಾಪದ ಸಂಕೇತವಾಗಿ ಬರುವ ಬಾಬಿಲೋನಿನ ವೇಶ್ಯೆಯ ತಲೆಗೆ ಪೋಪರ ಮೂರಂತಸ್ತಿನ ಕಿರೀಟ ತೊಡಿಸಿತ್ತು. ಗದ್ದಲವೆದ್ದಿತು. ಡಿಸೆಂಬರಿನ ಮುದ್ರಣದ ಹೊತ್ತಿಗೆ ಮೇಲಿನ ಅಂತಸ್ತುಗಳು ಮಾಯ, ಉಳಿದದ್ದು ಸಾದಾ ಕಿರೀಟ. ಮರದಲ್ಲಿ ಹೊಸದನ್ನು ಸೇರಿಸುವುದು ಕಷ್ಟ, ಅಳಿಸಲು ಉಳಿ ಸಾಕು. ಲೂಥರನ ಕಡುವಿರೋಧಿ ಹಿರೋನಿಮಸ್ ಎಮ್ಸರ್ 1527ರಲ್ಲಿ ಅವನಿಗೆ ಎದುರಾಗಿ ತನ್ನದೇ ಹೊಸ ಒಡಂಬಡಿಕೆಯನ್ನು ತಂದನಲ್ಲ, ಅದರ ಪ್ರಕಟನೆ ಗ್ರಂಥಕ್ಕೂ ಚಿತ್ರಗಳು ಬಂದದ್ದು ಕ್ರಾನಾಖ್‌ನ ಅಚ್ಚುಗಳಿಂದಲೇ.