ಹಾಡೇ ಬೇಲಿ ಆದ ದ್ವೀಪ

ಬೀದರ್ ಕಡೆ ಬಾವಿ ತೋಡಿಸಿದವರಿಗೆ ಗೊತ್ತಿರ್ತದ, ಮ್ಯಾಲ ಕೆಂಪು ಜಂಬಿಟ್ಟಿಗೆ, ಅದರ ಕೆಳಗ ಕರಿಕಲ್ಲು. ಆ ಕರಿಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದ ಹರಿದ ಲಾವಾ. ಅಂದ್ರ ನಾವೂ ಜ್ವಾಲಾಮುಖಿ ನೆಲದ ಮಂದಿನೇ, ಆದ್ರ ನಮ್ಮದು ಆರಿ ಎಷ್ಟೋ ಕಾಲ ಆಯ್ತು, ಈಗ ಅದರ ಮ್ಯಾಲ ತೊಗರಿ ಬೆಳೀತೀವಿ. ಹಕ್ಕಿ ಹಾಡು ರೆಕಾರ್ಡ್ ಮಾಡೋ ಹುಚ್ಚಿರೋ ನಮ್ಮಂಥವರು ಮಾತಿಗೆ ಕೂತ್ರ ಬ್ಯಾರೆ ಜ್ವಾಲಾಮುಖಿಯೊಂದರ ಸುದ್ದಿ ಬಂದೇ ಬರ್ತದ, ಪೆಸಿಫಿಕ್ ಸಮುದ್ರದ ಗಲಾಪಗೋಸ್ ದ್ವೀಪಗಳೊಳಗಿನ ಡಾಫ್ನಿ ಮೇಜರ್.

ನೂರು ಎಕರೆನೂ ಇಲ್ಲದ ದ್ವೀಪ, ಸುಮಾರು 120 ಮೀಟರ್ ಎತ್ತರ, ನಡುವ ಜ್ವಾಲಾಮುಖಿ ಬಾಯಿ. ಕುಡಿಯೋ ನೀರಿಲ್ಲ, ಜನ ಇಲ್ಲ, ದೋಣಿಯಿಂದ ಬಂಡೆ ಮ್ಯಾಲ ಜಿಗಿದು ಹತ್ತಬೇಕು, ನೀರಿನ ಕ್ಯಾನು ಸಮೇತ ಎಲ್ಲಾ ಹೊತ್ತುಕೊಂಡೇ ಹೋಗಬೇಕು. ಪೀಟರ್ ಮತ್ತು ರೋಸ್‌ಮರಿ ಗ್ರಾಂಟ್ ಅನ್ನೋ ವಿಜ್ಞಾನಿ ದಂಪತಿ 1973ರಿಂದ ನಲವತ್ತು ವರ್ಷ ಇಲ್ಲಿಗೆ ಹೋಗಿ ಬಂದ್ರು, ಫಿಂಚ್ ಅನ್ನೋ ಗುಬ್ಬಿಯಂಥ ಸಣ್ಣ ಹಕ್ಕಿಗಳ ಕಾಲಿಗೆ ಗುರುತಿನ ಬಳೆ ಹಾಕಿದ್ರು, ಕೊಕ್ಕು ಅಳೆದ್ರು, ಹಾಡು ಟೇಪ್ ಮಾಡಿದ್ರು. ಮಂದಿ ಕೊಕ್ಕಿನ ಸುದ್ದಿನೇ ಜಾಸ್ತಿ ಹೇಳ್ತಾರ. ನನಗ ಆ ಟೇಪೇ ದೊಡ್ಡದು ಅನಸ್ತದ.

ಯಾಕಂದ್ರ ಈ ಫಿಂಚ್‌ಗಳೊಳಗ ಹಾಡೋದು ಗಂಡು ಮಾತ್ರ, ಆ ಹಾಡನ್ನ ಅದು ಮರಿ ಇದ್ದಾಗ ಅಪ್ಪನ ಕಡೆಯಿಂದ ಕಲೀತದ, ಆಮ್ಯಾಲ ಜೀವ ಇರೋತನಕ ಅದೇ ಒಂದು ಹಾಡು. ಆಳಂದದವರ ಮಾತು, ಸೇಡಂದವರ ಮಾತು ಬಾಯಿ ತೆಗೆದ ಕೂಡಲೇ ಗೊತ್ತಾಗ್ತದಲ್ಲ, ಹಂಗೇ ಹೆಣ್ಣಿಗೆ ಈ ಗಂಡು ನಮ್ಮವನಾ ಅಲ್ಲಾ ಅಂತ ತಿಳಿಯೋದು ಹಾಡಿನಿಂದ, ಜೊತಿಗೆ ಕೊಕ್ಕು, ಮೈ ನೋಡಿ.

1981ರಾಗ ಎಲ್ಲಿಂದಲೋ ಒಂದು ದೊಡ್ಡ ಗಂಡು ಹಾರಿ ಬಂತು, ಡಾಫ್ನಿದಾಗ ಯಾರೂ ಹಾಡದ ಹಾಡು ಅದರದು. ಅಲ್ಲಿನ ಹೆಣ್ಣಿನ ಜೊತಿಗೆ ಸಂಸಾರ ಹೂಡಿತು, ಗಂಡುಮರಿಗಳು ಅಪ್ಪನ ಆ ಪರದೇಶಿ ಹಾಡನ್ನೇ ಕಲಿತವು, ಅದನ್ನ ಕೇಳಿ ಅಲ್ಲಿನ ಹೆಣ್ಣುಗಳು ಹತ್ತಿರ ಬರಲಿಲ್ಲ, ಹಂಗಾಗಿ ಎರಡು-ಮೂರು ತಲೆಮಾರಿನೊಳಗ ಇವು ತಮ್ಮತಮ್ಮೊಳಗೇ ಜೋಡಿ ಆಗೋಕ ಶುರು ಮಾಡಿದ್ವು. 2003ರಿಂದ 2005ರ ಬರಗಾಲದಾಗ ಅಣ್ಣ-ತಂಗಿ ಅಂತ ಎರಡೇ ಹಕ್ಕಿ ಉಳಿದ್ರೂ ವಂಶ ನಿಲ್ಲಲಿಲ್ಲ. ಆಮ್ಯಾಲ ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದವರ ಜೊತಿ ಸೇರಿ ಡಿಎನ್‌ಎ ನೋಡಿದಾಗ ಮೊದಲ ಗಂಡು ನೂರು ಕಿಲೋಮೀಟರ್‌ಗಿಂತ ದೂರದ ಎಸ್ಪನ್ಯೋಲಾ ದ್ವೀಪದ್ದು ಅಂತ ಗೊತ್ತಾಯ್ತು, ಅದು 2017ರಾಗ ಪ್ರಕಟ ಆಯ್ತು. ಇದನ್ನ ಹೊಸ ಪ್ರಭೇದ ಅನ್ನಬೇಕೋ ಬ್ಯಾಡೋ ಅದು ವಿಜ್ಞಾನಿಗಳ ಜಗಳ, ನಾವು ನಡುವ ಹೋಗೋದು ಬ್ಯಾಡ.

ಕೊಕ್ಕಿಗೂ ಹಾಡಿಗೂ ನಂಟು ಅದ. ದೊಡ್ಡ ಕೊಕ್ಕಿನ ಫಿಂಚ್‌ಗೆ ಬೀಜ ಒಡಿಯೋ ತಾಕತ್ತು ಜಾಸ್ತಿ, ಆದ್ರ ಕೊಕ್ಕು ಪಟಪಟ ತೆಗೆದು ಮುಚ್ಚೋಕ ಆಗಲ್ಲ, ಅದಕ್ಕ ಹಾಡು ನಿಧಾನ. ಜೆಫ್ರಿ ಪೋಡೋಸ್ ಅನ್ನೋ ವಿಜ್ಞಾನಿ 2001ರಾಗ ತೋರಿಸಿದ್ದು ಇದನ್ನೇ. ಅಂದ್ರ ತಿನ್ನೋ ಬೀಜ ಬದಲಾದ್ರ ಹಾಡೂ ಬದಲಾಗಬಹುದು, ಹಾಡು ಬದಲಾದ್ರ ಜೋಡಿನೂ.

ಇದೆಲ್ಲಾ ಬರೇ ಕಿವಿಯಿಂದ ಆಗೋದಲ್ಲ ಮತ್ತ, ಸೋನೋಗ್ರಾಮ್ ಬೇಕು, ಅಂದ್ರ ದನಿಯ ಚಿತ್ರ. ಅಡ್ಡ ಟೈಮು, ಉದ್ದಕ ದನಿಯ ಏರಿಳಿತ. ಗಾಳಿ ಗದ್ದಲ ಅದರಾಗ ಕೆಳಗಿನ ಅಂಚಿಗೆ ಮಸಿ ಬಳಿದಂಗ ಕಾಣ್ತದ, ಹಾಡುಹಕ್ಕಿಗಳ ದನಿ ಹೆಚ್ಚಾಗಿ 2ರಿಂದ 8 ಕಿಲೋಹರ್ಟ್ಜ್ ನಡುವ ಸಣ್ಣ ಗೀಟುಗಳಾಗಿ. ಹಂಗಾಗಿ ಕೆಳಗಿನ ಮಸಿ ಫಿಲ್ಟರ್ ಹಾಕಿ ಕತ್ತರಿಸಿದ್ರೂ ಹಾಡು ಹಾಗೇ ಉಳೀತದ.

ದ್ವೀಪಕ್ಕ ಹೋಗೋಕ ನಮಗಾಗಲ್ಲ, ಆದ್ರ ನಮ್ಮ ಚಿಂಚೋಳಿ ಕಾಡು ಇದ್ದೇ ಅದ. ಅಲ್ಲಿ ಸಮುದ್ರದ ಗದ್ದಲ ಇದ್ರ ಇಲ್ಲಿ ಪಂಪ್‌ಸೆಟ್ಟು, ಟ್ರ್ಯಾಕ್ಟರ್, ಯಾರದೋ ಜಾತ್ರಿ ಡಿಜೆ. ಬೆಳಗು ಹರಿಯೋ ಮೊದಲೇ ಹೋಗ್ರಿ, ಆಗ ಗಾಳಿನೂ ಕಮ್ಮಿ, ಮಡಿವಾಳ ಹಕ್ಕಿ ಎಲ್ಲರಿಗಿಂತ ಮೊದಲು ಶುರು ಮಾಡ್ತದ. ಮೊಬೈಲ್ ಆದ್ರೂ ನಡೀತದ, ಆದ್ರ ದನಿ ಹಿಂಡಿ ಸಣ್ಣದು ಮಾಡೋ ಎಂಪಿ3 ಬ್ಯಾಡ, ಹಂಗ ಹಿಂಡದ ವೇವ್ (WAV) ಫೈಲ್ ಇಡ್ರಿ, ಕೊನಿಗೆ ಊರು, ತಾರೀಖು, ಟೈಮು ಬಾಯಿಲೇ ಹೇಳಿ ಬಂದ್ ಮಾಡ್ರಿ. ಮತ್ತ ಗೂಡು ಕಟ್ಟೋ ದಿನದಾಗ ರೆಕಾರ್ಡಿಂಗ್ ಅಲ್ಲೇ ಪ್ಲೇ ಮಾಡಿ ಹಕ್ಕಿ ಕರೀಬ್ಯಾಡ್ರಿ, ಇನ್ನೊಂದು ಗಂಡು ಬಂತು ಅಂತ ತಿಳಿದು ಅದು ಮರಿ ಬಿಟ್ಟು ಜಗಳಕ್ಕ ಓಡಿ ಬರ್ತದ.