ಹೆದ್ದಾರಿಯ ಸುರಕ್ಷತೆ ಅಳೆಯುವ ಬಗೆ: ಸಾವಿನ ಲೆಕ್ಕದಿಂದ ಡಾಂಬರಿನ ಅಂಚಿನವರೆಗೆ

ಕಲಬುರಗಿ, ಯಾದಗಿರಿ ಸೀಮೆಯ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಿರಿಯುತ್ತದೆ. ಅದರ ಮೇಲೆ ಹಾಸಿದ ರಸ್ತೆಯ ಪಕ್ಕದ ಮಣ್ಣು ಕೊಚ್ಚಿ ಹೋಗಿ, ಡಾಂಬರಿನ ಅಂಚಿಗೂ ನೆಲಕ್ಕೂ ನಾಲ್ಕು ಬೆರಳಿನಷ್ಟು ಏಣು ಬೀಳುತ್ತದೆ. ಎದುರು ಬಂದ ಲಾರಿಗೆ ದಾರಿ ಬಿಡಲು ಬೈಕ್ ಕೆಳಗಿಳಿಸಿದವನು ಮತ್ತೆ ಮೇಲೆ ಬರಲು ಹ್ಯಾಂಡಲ್ ತಿರುಗಿಸುತ್ತಾನೆ. ಮುಂದಿನ ಗಾಲಿ ಆ ಅಂಚಿಗೆ ಉಜ್ಜಿಕೊಂಡೇ ಓಡುತ್ತದೆ, ಹತ್ತುವುದಿಲ್ಲ, ಬೈಕ್ ಮಗುಚುತ್ತದೆ. ಎಫ್‌ಐಆರ್‌ನಲ್ಲಿ ಬರೆಯುವುದು ‘ಅತಿವೇಗ ಮತ್ತು ನಿರ್ಲಕ್ಷ್ಯದ ಚಾಲನೆ’ ಎಂದು. ಅಂಚಿನ ಮಾತು ಬರುವುದೇ ಇಲ್ಲ.

ರಸ್ತೆಯನ್ನು ಬಿಟ್ಟು ಸತ್ತವರನ್ನಷ್ಟೇ ಎಣಿಸುವ ರೂಢಿ ಹಳೆಯದು. 1949ರಲ್ಲಿ ಬ್ರಿಟನ್ನಿನ ಆರ್. ಜೆ. ಸ್ಮೀಡ್, ದೇಶದ ಜನಸಂಖ್ಯೆ ಮತ್ತು ವಾಹನಗಳ ಸಂಖ್ಯೆಯಿಂದ ರಸ್ತೆ ಸಾವುಗಳನ್ನು ಅಂದಾಜಿಸುವ ಸೂತ್ರ ಕೊಟ್ಟರು. ದೇಶದೇಶಗಳನ್ನು ಹೋಲಿಸಲು ಅದು ಸಾಕಾಯಿತು. 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು. ಒಟ್ಟು ರಸ್ತೆಯಲ್ಲಿ ಶೇ 2ರಷ್ಟಿರುವ ರಾಷ್ಟ್ರೀಯ ಹೆದ್ದಾರಿಗಳ ಪಾಲು ಶೇ 36. ಈ ಅಂಕಿ ಎದೆ ನಡುಗಿಸುತ್ತದೆ, ಆದರೆ ಯಾವ ತಿರುವನ್ನು ಮೊದಲು ಸರಿಪಡಿಸಬೇಕು ಎಂದು ಎಂಜಿನಿಯರಿಗೆ ತಿಳಿಸುವುದಿಲ್ಲ.

ಅದಕ್ಕೇ ‘ಬ್ಲ್ಯಾಕ್ ಸ್ಪಾಟ್’, ಅಂದರೆ ಅಪಘಾತ ಮರುಕಳಿಸುವ ಜಾಗದ ಲೆಕ್ಕ ಬಂತು. ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷದಲ್ಲಿ ಸಾವು ಅಥವಾ ತೀವ್ರ ಗಾಯದ 5 ಅಪಘಾತಗಳಾಗಿರಬೇಕು, ಇಲ್ಲವೇ 10 ಜನ ಸತ್ತಿರಬೇಕು. ಈ ಲೆಕ್ಕ ತಪ್ಪುವುದು ಜಾಗದ ವಿಷಯದಲ್ಲಿ. ‘ಧಾಬಾದ ಹತ್ತಿರ’ ಎಂದು ಪಂಚನಾಮೆಯಲ್ಲಿದ್ದರೆ ಯಾವ 500 ಮೀಟರ್? ಹುಮನಾಬಾದ್–ಕಲಬುರಗಿ–ವಿಜಯಪುರ ದಾರಿ ಮೊದಲು ರಾಷ್ಟ್ರೀಯ ಹೆದ್ದಾರಿ 218 ಆಗಿತ್ತು, ಈಗ 50. ಸಂಖ್ಯೆ ಬದಲಾದಾಗ ಕಿಲೋಮೀಟರ್ ಲೆಕ್ಕವೂ ಬದಲಾಗುತ್ತದೆ, ಹಳೆಯ ಕಡತ ಹೊಸದಕ್ಕೆ ತಾಳೆಯಾಗುವುದಿಲ್ಲ. ಅಪಘಾತದ ಸ್ಥಳದಲ್ಲೇ ಪೊಲೀಸರು ಮೊಬೈಲಿನಲ್ಲಿ ಅಕ್ಷಾಂಶ, ರೇಖಾಂಶ ದಾಖಲಿಸುವ ಐ-ರಾಡ್ ವ್ಯವಸ್ಥೆ ಇದಕ್ಕೆ ಮದ್ದು. ಮೊದಲು ಜಾರಿಯಾದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆದರೆ ಠಾಣೆಗೆ ಮರಳಿದ ಮೇಲೆ ತುಂಬಿದರೆ ಠಾಣೆಯ ಅಂಗಳವೇ ಬ್ಲ್ಯಾಕ್ ಸ್ಪಾಟ್ ಆದೀತು. ಇನ್ನೊಂದು ಸೋರಿಕೆ: ಅಪಘಾತವಾದ 30 ದಿನದೊಳಗೆ ಸತ್ತರೆ ಅದು ರಸ್ತೆ ಸಾವು. ಯಾದಗಿರಿಯ ಗಾಯಾಳು ಸೊಲ್ಲಾಪುರದಲ್ಲೋ ಹೈದರಾಬಾದಿನಲ್ಲೋ ತೀರಿಕೊಂಡರೆ ಆ ಸುದ್ದಿ ಮೂಲ ಠಾಣೆಯ ಕಡತಕ್ಕೆ ಸೇರಲೇಬೇಕು.

ಸಾವಿನ ಸಂಖ್ಯೆಯನ್ನು ಓಡಾಟದಿಂದ ಭಾಗಿಸದಿದ್ದರೂ ಮೋಸವೇ. ತಲಾ 10 ಕಿ.ಮೀ. ಉದ್ದದ ಎರಡು ರಸ್ತೆಗಳಿವೆ ಎಂದುಕೊಳ್ಳಿ. ಒಂದರಲ್ಲಿ ದಿನಕ್ಕೆ 20,000 ವಾಹನ, ಮೂರು ವರ್ಷಕ್ಕೆ 12 ಸಾವು. ಇನ್ನೊಂದರಲ್ಲಿ 5,000 ವಾಹನ, 6 ಸಾವು. ಎಣಿಕೆಯಲ್ಲಿ ಮೊದಲನೆಯದು ಕೆಟ್ಟದ್ದು. 10 ಕೋಟಿ ವಾಹನ-ಕಿಲೋಮೀಟರಿಗೆ ಲೆಕ್ಕ ಹಾಕಿದರೆ ಅಲ್ಲಿ ಸುಮಾರು 5.5, ಎರಡನೆಯದರಲ್ಲಿ ಸುಮಾರು 11. ವಾಹನ ಎಣಿಸುವುದಕ್ಕೂ ಹೊತ್ತಿದೆ: ಏಳು ದಿನ ಸತತ, ವರ್ಷಕ್ಕೆರಡು ಬಾರಿ, ಒಮ್ಮೆ ಸುಗ್ಗಿಯಲ್ಲಿ ಎನ್ನುತ್ತದೆ ರಸ್ತೆಗಳಿಗೆ ಮಾನದಂಡ ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್. ತೊಗರಿ ಮಾರುಕಟ್ಟೆಗೆ ಬರುವ ದಿನಗಳನ್ನು ಬಿಟ್ಟು ಎಣಿಸಿದರೆ ಕಲಬುರಗಿಯ ಲೆಕ್ಕ ಸುಳ್ಳಾಗುತ್ತದೆ.

1997ರಲ್ಲಿ ಸ್ವೀಡನ್ನಿನ ಸಂಸತ್ತು ‘ಶೂನ್ಯ ಸಾವು’ ನೀತಿಯನ್ನು ಒಪ್ಪಿತು. ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ, ಆ ತಪ್ಪಿಗೆ ರಸ್ತೆ ಮರಣದಂಡನೆ ಕೊಡಬಾರದು ಎಂಬುದು ಅದರ ತಿರುಳು. ಪಾದಚಾರಿ ಇರುವಲ್ಲಿ ಗಂಟೆಗೆ 30 ಕಿ.ಮೀ., ಅಡ್ಡ ಡಿಕ್ಕಿಯಾಗುವ ಕೂಡುರಸ್ತೆಯಲ್ಲಿ 50, ಮುಖಾಮುಖಿ ಡಿಕ್ಕಿಗೆ ಎಡೆಯಿದ್ದಲ್ಲಿ 70. ಅದರಾಚೆ ಬದುಕುಳಿಯುವುದು ಕಷ್ಟ. ಅಂತರರಾಷ್ಟ್ರೀಯ ರಸ್ತೆ ಮೌಲ್ಯಮಾಪನ ಕಾರ್ಯಕ್ರಮ ಇದೇ ತಿಳಿವಳಿಕೆಯನ್ನು ಅಳತೆಗೋಲು ಮಾಡಿತು. ಕ್ಯಾಮೆರಾ ವಾಹನ ರಸ್ತೆಯುದ್ದಕ್ಕೂ ಓಡುತ್ತದೆ. ಪ್ರತಿ 100 ಮೀಟರಿಗೆ ತಿರುವು, ಲೇನಿನ ಅಗಲ, ಪಕ್ಕದ ಮರದ ದೂರ, ಡಿವೈಡರ್ ಹೀಗೆ ಐವತ್ತಕ್ಕೂ ಹೆಚ್ಚು ಲಕ್ಷಣಗಳನ್ನು ಗುರುತಿಸುತ್ತಾರೆ. ಕಾರು, ಬೈಕ್, ಸೈಕಲ್, ಪಾದಚಾರಿಗೆ ಬೇರೆ ಬೇರೆಯಾಗಿ ಒಂದರಿಂದ ಐದು ನಕ್ಷತ್ರ. ಕಾರಿಗೆ ನಾಲ್ಕು ಸಿಕ್ಕ ರಸ್ತೆಯೇ, ಬಸ್ಸಿಳಿದು ದಾಟುವ ಹೆಣ್ಣುಮಗಳಿಗೆ ಒಂದೇ ನಕ್ಷತ್ರದ್ದಾಗಿರಬಹುದು. ಯಾರೂ ಸಾಯುವ ಮೊದಲೇ ಇದು ಗೊತ್ತಾಗುತ್ತದೆ. ನಮ್ಮ ಹೆದ್ದಾರಿಗಳಿಗೆ ತುರ್ತಾಗಿ ಬೇಕಾದ ಅಳತೆ ಇದೇ.

ಆದರೂ ಜುಲೈನಲ್ಲಿ ಹಗಲು ತೆಗೆದ ವಿಡಿಯೊದಲ್ಲಿ ಸುಗ್ಗಿಯ ರಸ್ತೆ ಕಾಣುವುದಿಲ್ಲ. ಅರ್ಧ ಡಾಂಬರಿನ ಮೇಲೆ ರಾಶಿ, ಅದು ಚದುರದಂತೆ ಸುತ್ತ ಇಟ್ಟ ಕಲ್ಲುಗಳು, ಕತ್ತಲಲ್ಲಿ ಹಿಂದೆ ದೀಪವಿಲ್ಲದೆ ನಿಂತ ಕಬ್ಬಿನ ಟ್ರಾಲಿ. ಈ ಸೀಮೆಯಲ್ಲಿ ಅದೇ ದಾರಿಯನ್ನು ಡಿಸೆಂಬರ್–ಜನವರಿಯಲ್ಲಿ, ಕತ್ತಲಾದ ಮೇಲೆ ಇನ್ನೊಮ್ಮೆ ಚಿತ್ರಿಸಬೇಕು. ಟ್ರಾಲಿಗಳಿಗೆ ಕೆಂಪು ಪ್ರತಿಫಲನ ಪಟ್ಟಿಯನ್ನು ಕಬ್ಬಿನ ಜಲ್ಲೆ ಮುಚ್ಚದಷ್ಟು ಕೆಳಗೆ, ಹಿಂಬದಿಯ ಚೌಕಟ್ಟಿಗೇ ಅಂಟಿಸಬೇಕು.