ಬ್ರಿಕ್ಸ್‌ಟನ್ ಗಲಭೆ: ಸ್ಕಾರ್ಮನ್ ವರದಿಯಲ್ಲಿ ಇದ್ದದ್ದೇನು, ಆದದ್ದೇನು?

ಬ್ರಿಟನ್ನಿನ ಪೊಲೀಸರು ಕಪ್ಪುಜನರನ್ನು ನಡೆಸಿಕೊಳ್ಳುವ ರೀತಿಯ ಬಗ್ಗೆ ಮಾತೆದ್ದಾಗಲೆಲ್ಲ 1981ರಲ್ಲಿ ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ ನಡೆದ ಗಲಭೆಯ ವಿಚಾರಣೆ ನಡೆಸಿದ ನ್ಯಾಯಮೂರ್ತಿ ಲೆಸ್ಲಿ ಸ್ಕಾರ್ಮನ್ ಅವರ ಹೆಸರು ಬರುತ್ತದೆ. ಕೆಲವರಿಗೆ ಅವರು ಸರ್ಕಾರದ ಕಣ್ಣು ತೆರೆಸಿದವರು, ಕೆಲವರಿಗೆ ಸತ್ಯವನ್ನು ಅರ್ಧಕ್ಕೇ ನಿಲ್ಲಿಸಿದವರು.

ಹುಟ್ಟಿದ್ದು 1911ರಲ್ಲಿ, ಬ್ರಿಕ್ಸ್‌ಟನ್ ಪಕ್ಕದ ಸ್ಟ್ರೆಥಮ್‌ನಲ್ಲಿ. ಯುದ್ಧಕಾಲದಲ್ಲಿ ವಾಯುಪಡೆಯ ಅಧಿಕಾರಿ. 1945ರ ಮೇ 7ರಂದು ರೀಮ್ಸ್‌ನಲ್ಲಿ ಜರ್ಮನಿ ಶರಣಾಗತಿಗೆ ಸಹಿ ಹಾಕಿದಾಗ ಸೇನಾನಿ ಟೆಡರ್ ಜೊತೆ ಅಲ್ಲಿದ್ದರು. 1961ರಲ್ಲಿ ಹೈಕೋರ್ಟ್, 1965ರಲ್ಲಿ ಕಾನೂನು ಆಯೋಗದ ಮೊದಲ ಅಧ್ಯಕ್ಷಗಿರಿ, 1977ರಲ್ಲಿ ಆಗಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್. ಅದೇ ವರ್ಷ ಲಂಡನ್ನಿನ ಫೋಟೊ ಸಂಸ್ಕರಣಾ ಕಾರ್ಖಾನೆ ಗ್ರನ್‌ವಿಕ್‌ನ ಮುಷ್ಕರದ ವಿಚಾರಣೆಯೂ ಅವರದೇ. ಜಯಾಬೆನ್ ದೇಸಾಯಿ ಮುಂದಾಳತ್ವದಲ್ಲಿ ಬೀದಿಗಿಳಿದಿದ್ದ ಕಾರ್ಮಿಕರನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳಿ ಎಂದರು. ಮಾಲೀಕರು ಒಪ್ಪಲಿಲ್ಲ. ಶಿಫಾರಸು ಮಾಡಬಹುದು, ಜಾರಿ ಮಾಡಿಸುವ ಅಧಿಕಾರವಿಲ್ಲ: ಬ್ರಿಕ್ಸ್‌ಟನ್ ವರದಿಗೆ ಮುಂದೆ ಆದದ್ದೂ ಇದೇ.

1824ರ ಅಲೆಮಾರಿ ಕಾಯ್ದೆ ಬರೀ ಅನುಮಾನದ ಮೇಲೆ ಜನರನ್ನು ಹಿಡಿಯಲು ಪೊಲೀಸರಿಗೆ ದಾರಿ ಮಾಡಿತ್ತು. ಕಪ್ಪು ಹುಡುಗರಿಗೆ ಅದರ ಕಾಟ ದಿನನಿತ್ಯದ್ದು. 1981ರ ಏಪ್ರಿಲ್‌ನಲ್ಲಿ ಬ್ರಿಕ್ಸ್‌ಟನ್ ಬೀದಿಗಳಿಗೆ ಮಫ್ತಿ ಪೊಲೀಸರು ಇಳಿದರು. ಕೆಲವೇ ದಿನಗಳಲ್ಲಿ 943 ಜನರನ್ನು ತಡೆದರು, 118 ಜನರನ್ನು ಬಂಧಿಸಿದರು. ತಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಕಪ್ಪುಜನ. 10ನೇ ತಾರೀಖು ಭುಗಿಲೆದ್ದ ಗಲಭೆ ಮೂರು ದಿನ ಉರಿಯಿತು.

ಸ್ಕಾರ್ಮನ್ ಆ ಬೀದಿಗಳಲ್ಲಿ ನಡೆದಾಡಿದರು, ಅಲ್ಲಿನವರ ಮಾತು ಕೇಳಿದರು. ಮಫ್ತಿ ಪೊಲೀಸರ ಆ ಕಾರ್ಯಾಚರಣೆಯೇ ಗಂಭೀರ ತಪ್ಪು ಎಂದು ನವೆಂಬರ್‌ನಲ್ಲಿ ಬರೆದರು. ನಿರುದ್ಯೋಗ, ಹಾಳುಬಿದ್ದ ಮನೆಗಳು, ಕೆಲವು ಪೊಲೀಸರ ಪೂರ್ವಗ್ರಹ, ಯಾವುದನ್ನೂ ಬಿಡಲಿಲ್ಲ. ಆದರೆ ಬ್ರಿಟನ್ನಿನಲ್ಲಿ ಸಾಂಸ್ಥಿಕ ವರ್ಣಭೇದವಿಲ್ಲ ಎಂದೂ ಬರೆದರು. ಗೊತ್ತಿದ್ದೇ ನೀತಿಯಾಗಿ ಮಾಡುವ ಭೇದಭಾವ ಎಂಬ ಅರ್ಥದಲ್ಲಿ ಮಾತ್ರ ಅವರು ಅದನ್ನು ಅಲ್ಲಗಳೆದದ್ದು. ನಾಲ್ಕು ದಶಕಗಳ ಜಗಳವೆಲ್ಲ ಈ ಒಂದು ಮಾತಿನ ಸುತ್ತಲೇ. ಶಿಫಾರಸುಗಳನ್ನು ಓದುವವರೇ ಕಡಿಮೆ, ಬೇಸರದ ಸಂಗತಿ ಅದು.

ಸ್ಥಳೀಯರ ಜೊತೆ ಸಮಾಲೋಚನೆ 1984ರ ಪೊಲೀಸ್ ಕಾಯ್ದೆಗೆ ಸೇರಿತು. ತಡೆದು ತಪಾಸಣೆ ಮಾಡಲು ಲಿಖಿತ ನಿಯಮಗಳೂ ಬಂದವು. ವರ್ಣಭೇದ ತೋರಿದ ಪೊಲೀಸರನ್ನು ವಜಾ ಮಾಡಬೇಕೆಂಬ ಸಲಹೆ ಮಾತ್ರ ಬಿದ್ದುಹೋಯಿತು. 1993ರಲ್ಲಿ ನಡೆದ ಕಪ್ಪು ಯುವಕ ಸ್ಟೀಫನ್ ಲಾರೆನ್ಸ್ ಕೊಲೆ ತನಿಖೆಯ ಲೋಪಗಳನ್ನು ಪರಿಶೀಲಿಸಿದ 1999ರ ಮ್ಯಾಕ್‌ಫರ್ಸನ್ ವರದಿ, ಉದ್ದೇಶವಿಲ್ಲದೆಯೂ ಸಂಸ್ಥೆ ಭೇದಭಾವ ಮಾಡಬಹುದು ಎಂದಿತು. ಪೊಲೀಸರ ಮೇಲಿನ ದೂರುಗಳಿಗೆ ಸ್ವತಂತ್ರ ವ್ಯವಸ್ಥೆ ಬೇಕೆಂದು ಸ್ಕಾರ್ಮನ್ 1981ರಲ್ಲೇ ಕೇಳಿದ್ದರು. ತಾನೇ ತನಿಖೆ ಮಾಡಬಲ್ಲ ಸ್ವತಂತ್ರ ದೂರು ಆಯೋಗ ಕೆಲಸ ಶುರುಮಾಡಿದ್ದು 2004ರ ಏಪ್ರಿಲ್‌ನಲ್ಲಿ. ಆ ಡಿಸೆಂಬರ್‌ನಲ್ಲಿ, 93ರ ವಯಸ್ಸಿನಲ್ಲಿ, ಅವರು ತೀರಿಕೊಂಡರು.